ದಪ್ಪ ಬಿಸಿ ಗ್ರಿಪ್ ಅಂಟಿಸುವ ಮುನ್ನ ಒಂದು ವಾರ ತಡೆಯಿರಿ

ಗುಂಪಿನಲ್ಲಿ ನೀವು ಹಾಕಿದ ಫೋಟೊ ನೋಡಿದ ಮೇಲೆ ಸುಮ್ಮನಿರಲು ಆಗಲಿಲ್ಲ. ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 411 ಬೈಕು, ಸೆಪ್ಟೆಂಬರ್ ಕೊನೆಯಲ್ಲಿ ಮನಾಲಿ–ಲೇಹ್ ಪ್ರಯಾಣ. ಮೇಜಿನ ಮೇಲೆ ಅಂಗಡಿಯಲ್ಲಿದ್ದ ಅತಿ ದಪ್ಪನೆಯ ಬಿಸಿ ಗ್ರಿಪ್ (ಕರೆಂಟಿನಿಂದ ಬಿಸಿಯಾಗುವ ಹ್ಯಾಂಡಲಿನ ರಬ್ಬರ್ ಹಿಡಿಕೆ), ಅದರ ಮೇಲೆ ಏರಿಸಲು ಸ್ಪಂಜಿನ ಕವಚ, ಪಕ್ಕದಲ್ಲಿ ಗೋಂದಿನ ಪುಟ್ಟ ಟ್ಯೂಬು. ‘ಹೆಚ್ಚು ವ್ಯಾಟ್ ಇರುವುದನ್ನೇ ಆರಿಸಿದ್ದೇನೆ, ವೈರನ್ನು ನೇರ ಬ್ಯಾಟರಿಗೆ ಕೊಡುತ್ತೇನೆ, ನಾಳೆ ಅಂಟಿಸುವುದಷ್ಟೇ ಬಾಕಿ’ ಎಂದು ಬರೆದಿದ್ದೀರಿ. ದಯವಿಟ್ಟು ನಾಳೆ ಅಂಟಿಸಬೇಡಿ. ದಪ್ಪದ ಗ್ರಿಪ್, ಸ್ಪಂಜು, ನೇರ ಬ್ಯಾಟರಿ, ಈ ಮೂರು ತಪ್ಪುಗಳನ್ನೂ ನಾನು 2018ರಲ್ಲಿ ಇದೇ ಕ್ರಮದಲ್ಲಿ ಮಾಡಿದ್ದೇನೆ.

ನನ್ನ ಕೈ ಚಿಕ್ಕದು. ಆದರೂ ಗ್ರಿಪ್ ಕೊಳ್ಳುವಾಗ ಕೈಯ ಬಗ್ಗೆ ಯೋಚಿಸಲಿಲ್ಲ, ಚಳಿಯ ಬಗ್ಗೆ ಮಾತ್ರ ಯೋಚಿಸಿದೆ. ಆಗ ಅಟಲ್ ಸುರಂಗ ಇರಲಿಲ್ಲ, ರೋಹ್ತಾಂಗ್ ಘಾಟಿ ಹತ್ತಿಯೇ ದಾಟಬೇಕಿತ್ತು. ಆ ಏರಿನಲ್ಲಿ ಲಾರಿಗಳ ಹಿಂದೆ ಒಂದನೇ ಗೇರು, ಎರಡನೇ ಗೇರು, ಮತ್ತೆ ಒಂದನೆಯದು. ಗ್ರಿಪ್ ದಪ್ಪವಾದಷ್ಟೂ ಕ್ಲಚ್ ಲಿವರಿಗೆ ಬೆರಳು ಎಟಕುವುದು ಕಡಿಮೆಯಾಗುತ್ತದೆ, ತುದಿಬೆರಳಿನಲ್ಲೇ ಎಳೆಯಬೇಕಾಗುತ್ತದೆ. ಘಾಟಿಯಾಚೆಯ ಜಿಸ್ಪಾ ಹಳ್ಳಿ ತಲುಪುವಷ್ಟರಲ್ಲಿ ಮುಂಗೈ ಹಿಡಿದುಕೊಂಡು ಚಹಾದ ಲೋಟ ಎತ್ತಲೂ ಆಗಲಿಲ್ಲ. ಅಂಗೈ ಮಾತ್ರ ಬೆಚ್ಚಗಿತ್ತು, ಅದಕ್ಕೇನೂ ಕೊರತೆ ಇರಲಿಲ್ಲ! ಸ್ಪಂಜಿನ ಕವಚವನ್ನು ಅಲ್ಲಿಯೇ ಚಾಕುವಿನಿಂದ ಸೀಳಿ ಎಸೆದೆ. ಅದು ಬಿಸಿಯನ್ನೂ ತಡೆಯುತ್ತದೆ, ದಪ್ಪವನ್ನೂ ಕೂಡಿಸುತ್ತದೆ. ಬಿಸಿ ಗ್ರಿಪ್ಪಿನ ಮೇಲೆ ಸ್ಪಂಜು ಹಾಕುವುದೆಂದರೆ ಒಲೆ ಹಚ್ಚಿ ಬಾಣಲೆಯ ಕೆಳಗೆ ಕಂಬಳಿ ಇಟ್ಟಂತೆ.

ಅದಕ್ಕೇ ಹೇಳುತ್ತಿದ್ದೇನೆ, ವ್ಯಾಟ್ ಆಮೇಲೆ, ಮೊದಲು ದಪ್ಪ. ಗ್ರಿಪ್ಪಿನ ವ್ಯಾಸ ಒಂದು ಮಿಲಿಮೀಟರ್ ಹೆಚ್ಚಿದರೆ ಬೆರಳು ಸುತ್ತಬೇಕಾದ ಸುತ್ತಳತೆ ಮೂರು ಮಿಲಿಮೀಟರಿಗಿಂತ ಜಾಸ್ತಿ ಬೆಳೆಯುತ್ತದೆ. ನಾಲ್ಕು ಮಿಲಿಮೀಟರ್ ದಪ್ಪ ಎಂದರೆ ಹನ್ನೆರಡೂವರೆ ಮಿಲಿಮೀಟರ್ ಸುತ್ತಳತೆ. ಅಂಗಡಿಯಲ್ಲಿ ಕೈಯಲ್ಲಿ ಹಿಡಿದು ‘ಚೆನ್ನಾಗಿದೆ’ ಅನ್ನಿಸಿದ್ದು ಗ್ಲೌಸ್ ಹಾಕಿ ಆರು ಗಂಟೆ ಹಿಡಿದಾಗ ಚೆನ್ನಾಗಿರಬೇಕಾಗಿಲ್ಲ.

ಇದಕ್ಕೆ ನನ್ನದೊಂದು ಉಪಾಯವಿದೆ. ಈ ಗುಂಪಿನಲ್ಲಿ ಹಿಂದೆ ಹೇಳಿದಾಗ ಕೆಲವರು ನಕ್ಕಿದ್ದರು, ನಗಲಿ. ಹಳೆಯ ಸೈಕಲ್ ಟ್ಯೂಬ್ ಒಂದನ್ನು ತನ್ನಿ, ಪಂಕ್ಚರ್ ಅಂಗಡಿಯವರು ಬಿಟ್ಟಿಯಾಗಿಯೇ ಕೊಡುತ್ತಾರೆ. ಅದನ್ನು ಉದ್ದಕ್ಕೆ ಸೀಳಿ ಪಟ್ಟಿ ಮಾಡಿ, ಈಗಿರುವ ಗ್ರಿಪ್ಪಿನ ಮೇಲೆ ಬಿಗಿಯಾಗಿ ಸುತ್ತಿ. ವರ್ನಿಯರ್ ಕ್ಯಾಲಿಪರ್ ಇದ್ದರೆ ಅದರಿಂದ, ಇಲ್ಲದಿದ್ದರೆ ದಾರ ಸುತ್ತಿ ಅಳೆದು 3.14ರಿಂದ ಭಾಗಿಸಿ, ನೀವು ಕೊಳ್ಳಬೇಕೆಂದಿರುವ ಗ್ರಿಪ್ಪಿನ ದಪ್ಪಕ್ಕೆ ತನ್ನಿ. ಎರಡೂ ತುದಿಗೆ ಇನ್ಸುಲೇಷನ್ ಟೇಪ್ ಹಾಕಿ. ಬಲಗಡೆ ಸ್ವಿಚ್ಚಿನ ಪೆಟ್ಟಿಗೆಯಿಂದ ಎರಡು ಮೂರು ಮಿಲಿಮೀಟರ್ ಜಾಗ ಬಿಡಲೇಬೇಕು, ರಬ್ಬರ್ ಅದಕ್ಕೆ ಉಜ್ಜಿದರೆ ಆಕ್ಸಿಲರೇಟರ್ ಹಿಂದಿರುಗುವುದಿಲ್ಲ. ಲೇಹ್‌ಗೆ ಒಯ್ಯುವ ಗ್ಲೌಸನ್ನೇ ತೊಟ್ಟು ಒಂದು ಭಾನುವಾರ ನಂದಿಬೆಟ್ಟ ಹತ್ತಿ ಇಳಿಯಿರಿ. ಬರುವಾಗ ಬೇಕೆಂದೇ ಹೆಬ್ಬಾಳದ ಸಂಜೆಯ ದಟ್ಟಣೆಯಲ್ಲಿ ಸಿಕ್ಕಿಕೊಳ್ಳಿ. ಕ್ಲಚ್ ಕೈ ಏನು ಹೇಳುತ್ತದೆಯೋ ಅದೇ ತೀರ್ಪು. ನಾನು ಎರಡನೆಯ ಸಲ ಕೊಳ್ಳುವಾಗ ಹೀಗೆ ಮೂರು ದಪ್ಪಗಳನ್ನು ಪರೀಕ್ಷಿಸಿ, ಈ ಬೈಕಿಗೆ ನನ್ನ ಕೈ 33 ಮಿಲಿಮೀಟರ್ ದಾಟಬಾರದೆಂದು ಕಂಡುಕೊಂಡೆ. ನಿಮ್ಮದು 35 ಇರಬಹುದು, ಉದ್ದ ಬೆರಳಿನವರಿಗೆ ದಪ್ಪ ಗ್ರಿಪ್ಪೇ ಹಿತ. ನನ್ನ ಅಂಕಿಯನ್ನು ನಕಲು ಮಾಡಬೇಡಿ.

ಇನ್ನು ಬ್ಯಾಟರಿ. ಅದೇ ದಾರಿಯಲ್ಲಿ ಟೆಂಟಿನಲ್ಲಿ ತಂಗುವ ಸರ್ಚುವಿನಲ್ಲಿ ರಾತ್ರಿ ಗ್ರಿಪ್ಪಿನ ಸ್ವಿಚ್ ಆರಿಸಲು ಮರೆತೆ. ನಾಲ್ಕು ಆಂಪಿಯರ್ ಎಳೆಯುವ ಗ್ರಿಪ್ಪಿಗೆ 8 ಎಎಚ್ (ಆಂಪಿಯರ್-ಗಂಟೆ) ಬ್ಯಾಟರಿ ಎಷ್ಟು ಹೊತ್ತು? ಲೆಕ್ಕದಲ್ಲಿ ಎರಡು ಗಂಟೆ, ಚಳಿಯಲ್ಲಿ ಅಷ್ಟೂ ಇಲ್ಲ. ಬೆಳಿಗ್ಗೆ 14 ಸಾವಿರ ಅಡಿ ಎತ್ತರದಲ್ಲಿ ಬೈಕ್ ತಳ್ಳಿ ನೋಡಿ, ಉಸಿರಿನ ಬೆಲೆ ತಿಳಿಯುತ್ತದೆ. ಇಂಜೆಕ್ಷನ್ ಬೈಕಿನ ಬ್ಯಾಟರಿ ಪೂರ್ತಿ ಸತ್ತರೆ ತಳ್ಳಿಯೂ ಪ್ರಯೋಜನವಿಲ್ಲ, ಟ್ಯಾಂಕಿನಿಂದ ಪೆಟ್ರೋಲ್ ತಳ್ಳುವ ಪಂಪಿಗೂ ಕರೆಂಟ್ ಬೇಕು. ಕೊನೆಗೆ ಟೆಂಟಿನವರ ಜೀಪಿನಿಂದ ಕೇಬಲ್ ಹಾಕಿಸಿಕೊಂಡು ಹೊರಟೆ.

ಆದ್ದರಿಂದ ರಿಲೇ, ಅಂದರೆ ಕೀಲಿ ಹಾಕಿದಾಗ ಮಾತ್ರ ಗ್ರಿಪ್ಪಿಗೆ ಕರೆಂಟ್ ಬಿಡುವ ಸ್ವಿಚ್ಚು. ನಾಲ್ಕು ಕಾಲಿನ ಮಾಮೂಲು ರಿಲೇ ಸಾಕು, ಕಾಲುಗಳಿಗೆ ಅಂಕಿ ಇರುತ್ತದೆ: 30ಕ್ಕೆ ಬ್ಯಾಟರಿಯಿಂದ ಫ್ಯೂಸ್ ಮೂಲಕ, 87ರಿಂದ ಗ್ರಿಪ್ಪಿಗೆ, 85 ಅರ್ಥಿಂಗಿಗೆ, 86ಕ್ಕೆ ಹಿಂದಿನ ದೀಪದ ವೈರು. ಕೀಲಿ ತೆಗೆದರೆ ಗ್ರಿಪ್ ತಾನೇ ಆರುತ್ತದೆ. ಫ್ಯೂಸ್ 7.5 ಆಂಪಿಯರ್, ಬ್ಯಾಟರಿಗೆ ಒಂದು ಗೇಣಿನೊಳಗೇ ಇರಬೇಕು. ವೈರಿಗೆ ಕಚ್ಚಿಸುವ ಪ್ಲಾಸ್ಟಿಕ್ ಕ್ಲಿಪ್ಪುಗಳನ್ನು ನಿಮ್ಮ ಫೋಟೊದ ಕೆಳಗೆ ಯಾರೋ ಶಿಫಾರಸು ಮಾಡಿದ್ದಾರೆ. ಅವರು ಮಲೆನಾಡಿನ ಒಂದು ಮಳೆಗಾಲ ಬೈಕ್ ಓಡಿಸಿಲ್ಲವೆಂದು ಕಾಣುತ್ತದೆ. ಒಂದೇ ವರ್ಷದಲ್ಲಿ ಒಳಗೆ ಹಸಿರು ಕಿಲುಬು. ಬೆಸುಗೆ ಹಾಕಿ, ಮೇಲೆ ಬಿಸಿಗೆ ಕುಗ್ಗುವ ಕೊಳವೆ ಏರಿಸಿ. ಬೈಕ್ ವಾರಂಟಿಯಲ್ಲಿದ್ದರೆ ಮೂಲ ವೈರಿಂಗನ್ನು ಕತ್ತರಿಸಬೇಡಿ, ಕನೆಕ್ಟರ್ ಕೊಂಡು ಮಧ್ಯೆ ಸೇರಿಸಿ.

2017ರ ಏಪ್ರಿಲ್‌ನಿಂದ ಬಂದ ಬೈಕುಗಳಲ್ಲಿ ಹೆಡ್‌ಲೈಟ್ ಆರಿಸುವ ಸ್ವಿಚ್ಚೇ ಇಲ್ಲ, ನಿಮ್ಮ ಬೈಕಿನಲ್ಲಿ ಹಗಲಲ್ಲೂ ಅದಕ್ಕೆ 55 ವ್ಯಾಟ್ ಹೋಗುತ್ತಲೇ ಇರುತ್ತದೆ. ಅದರ ಮೇಲೆ ನೀವು ಎರಡು ಫಾಗ್ ಲೈಟು, ಫೋನ್ ಚಾರ್ಜರು, 48 ವ್ಯಾಟಿನ ಗ್ರಿಪ್ಪು. ಓಡುವಾಗ ಪರವಾಗಿಲ್ಲ, ನಿಂತಲ್ಲೇ ಗುರುಗುಟ್ಟುವಾಗ ಕರೆಂಟ್ ಹುಟ್ಟಿಸುವ ಆಲ್ಟರ್ನೇಟರ್ ಅಷ್ಟು ಕೊಡುವುದಿಲ್ಲ. ಮಲ್ಟಿಮೀಟರ್ ಹಿಡಿದು ನೋಡಿ: ಎಲ್ಲವನ್ನೂ ಹಚ್ಚಿ ಎಂಜಿನ್ ಸ್ವಲ್ಪ ಏರಿಸಿದಾಗ 13.5 ವೋಲ್ಟಿಗಿಂತ ಕೆಳಗಿದ್ದರೆ ಒಂದನ್ನು ಬಿಡಬೇಕು. ನಾನಾದರೆ ಫಾಗ್ ಲೈಟ್ ಬಿಡುತ್ತೇನೆ.

ಬ್ರ್ಯಾಂಡ್ ಕೇಳಿದ್ದೀರಿ. ಆಕ್ಸ್‌ಫರ್ಡ್ ಗಟ್ಟಿ ಸರಕು, ಐದು ಹಂತದ ನಿಯಂತ್ರಣವಿದೆ, ಬ್ಯಾಟರಿ ಉಳಿಸುವ ವ್ಯವಸ್ಥೆಯೂ ಇದೆ. ಆದರೆ ನನ್ನ ಕೈಗೆ ದಪ್ಪ. ಸಣ್ಣ ಕೈಯವರು ಡೇಟೋನಾ, ಕೋಸೋ ನೋಡಿ. ಬೈಕ್ ಕಂಪನಿಯದೇ ಬಿಸಿ ಗ್ರಿಪ್ ಸಿಗುವ ಮಾಡೆಲ್ ಆದರೆ ದುಡ್ಡು ಹೆಚ್ಚಾದರೂ ಅದನ್ನೇ ಹಾಕಿಸಿ, ವೈರಿನ ಗೋಳು ಇರುವುದಿಲ್ಲ. ಗ್ರಿಪ್ಪಿನ ಮೇಲೆ ಸುತ್ತಿ ಯುಎಸ್‌ಬಿಗೆ ಚುಚ್ಚುವ ಅಗ್ಗದ ಪಟ್ಟಿಗಳನ್ನು ಮರೆತುಬಿಡಿ. ಐದು ವೋಲ್ಟ್, ಎರಡು ಆಂಪಿಯರ್ ಎಂದರೆ ಎರಡೂ ಕೈಗೆ ಸೇರಿ ಹತ್ತು ವ್ಯಾಟ್. ಅದಕ್ಕಿಂತ ಪಕ್ಕದಲ್ಲಿ ಕುಳಿತವರ ಕೈ ಹಿಡಿದುಕೊಳ್ಳಬಹುದು. ಈಗಿರುವ ಗ್ರಿಪ್ಪಿನ ಒಳಗೆ ಅಂಟಿಸುವ ತೆಳು ಹಾಳೆ ಬರುತ್ತದಲ್ಲ, ದಪ್ಪ ಬೇಡವೆನ್ನುವವರಿಗೆ ಅದು ನಿಜಕ್ಕೂ ಒಳ್ಳೆಯದು. ಮೂಲ ಗ್ರಿಪ್ಪನ್ನು ಹರಿಯದೆ ಕಳಚುವ ತಾಳ್ಮೆ ಮಾತ್ರ ಬೇಕು.

ಕೂರಿಸುವಾಗ ಬಲಗಡೆ ಹುಷಾರು. ಥ್ರಾಟಲ್ ಕೊಳವೆಯ ಮೇಲೆ ಸಣ್ಣ ಏಣುಗಳಿರುತ್ತವೆ. ಹೆಚ್ಚಿನ ಬಿಸಿ ಗ್ರಿಪ್ಪುಗಳು ಅದರ ಮೇಲೆ ಹೋಗುವುದಿಲ್ಲ, ಅರ ಹಾಕಿ ಸವೆಸಬೇಕು. ಸ್ವಲ್ಪ ಸವೆಸಿ, ಹಾಕಿ ನೋಡಿ, ಮತ್ತೆ ಸವೆಸಿ. ಗೋಂದು ಹಚ್ಚದೆ ಪೂರ್ತಿ ಒಳಗೆ ಹೋಗಿ ಬರುವುದನ್ನು ಎರಡು ಸಲ ಖಚಿತಪಡಿಸಿಕೊಳ್ಳಿ. ಆ ಪುಟ್ಟ ಟ್ಯೂಬಿನ ಗೋಂದು ಕೆಲವೇ ಸೆಕೆಂಡಿನಲ್ಲಿ ಹಿಡಿದುಬಿಡುತ್ತದೆ. ಅರ್ಧದಲ್ಲಿ ನಿಂತರೆ ಮುಗಿಯಿತು, ಒಳಗೆ ತಂತಿ ಇರುವುದರಿಂದ ಕೊಯ್ದು ತೆಗೆದ ಗ್ರಿಪ್ ಕಸಕ್ಕೇ. ಬಲಗಡೆಯ ವೈರು ಗ್ರಿಪ್ಪಿನ ಜೊತೆ ತಿರುಗುತ್ತದೆ, ಅದಕ್ಕೆ ಸಡಿಲವಾದ ಒಂದು ಸುತ್ತು ಬಿಡಿ. ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ, ಎರಡೂ ಕಡೆ ಆಕ್ಸಿಲರೇಟರ್ ಏರಿಸಿ ಬಿಡಿ. ಟಪ್ ಎಂದು ತಾನಾಗಿ ಮುಚ್ಚಬೇಕು. ನಿಧಾನಕ್ಕೆ ಮುಚ್ಚಿದರೂ ಆ ಬೈಕನ್ನು ಓಡಿಸಬೇಡಿ.

ಎಡಗೈ ತಣ್ಣಗೆ ಅನ್ನಿಸಿದರೆ ಗ್ರಿಪ್ ಕೆಟ್ಟಿದೆ ಎಂದು ಅಂಗಡಿಯವರ ಜೊತೆ ಜಗಳಕ್ಕೆ ಹೋಗಬೇಡಿ. ಬಲಗಡೆ ಒಳಗೆ ಪ್ಲಾಸ್ಟಿಕ್ ಕೊಳವೆ ಇದೆ, ಎಡಗಡೆ ಬರಿಯ ಉಕ್ಕು. ಬಿಸಿಯನ್ನು ಹ್ಯಾಂಡಲ್ಲೇ ಕುಡಿಯುತ್ತದೆ.

ಮತ್ತೊಂದು. ಗ್ರಿಪ್ ಬೆಚ್ಚಗಾಗಿಸುವುದು ಅಂಗೈಯನ್ನು, ಗಾಳಿ ಹೊಡೆಯುವುದು ಬೆರಳಿನ ಹಿಂಭಾಗಕ್ಕೆ. ಹತ್ತು ಡಿಗ್ರಿ ಇದ್ದಾಗ ಗಂಟೆಗೆ 80 ಕಿಲೋಮೀಟರ್ ಓಡಿದರೆ ಬರಿಯ ಚರ್ಮಕ್ಕೆ ನಾಲ್ಕು ಡಿಗ್ರಿಯಂತೆ ತಾಗುತ್ತದೆ. ಹ್ಯಾಂಡ್ ಗಾರ್ಡ್ ಇಲ್ಲದೆ ಬಿಸಿ ಗ್ರಿಪ್ ಹಾಕುವುದು ಅರ್ಧ ಕೆಲಸ. ಗ್ಲೌಸ್ ಕೂಡ ಅಂಗೈ ತೆಳು, ಹಿಂಭಾಗ ದಪ್ಪ ಇರುವುದನ್ನು ಆರಿಸಿ. ಎರಡೂ ಕಡೆ ದಪ್ಪವಿರುವ ಹಿಮದ ಗ್ಲೌಸ್ ಹಾಕಿದರೆ ಗ್ರಿಪ್ಪಿನ ಬಿಸಿ ನಿಮಗೆ ತಲುಪುವುದೇ ಇಲ್ಲ. ದೆಹಲಿಯ ಚಳಿಗಾಲದಲ್ಲಿ ಸ್ಕೂಟರಿನವರು ಹ್ಯಾಂಡಲಿಗೆ ಚೀಲದಂಥ ಕವಚ ಕಟ್ಟಿರುತ್ತಾರಲ್ಲ, ನೋಡಲು ಅಂದವಿಲ್ಲ, ಆದರೆ ಕೆಲವು ನೂರು ರೂಪಾಯಿಗೆ ಅದಕ್ಕಿಂತ ಬೆಚ್ಚನೆಯದು ನನಗೆ ಗೊತ್ತಿಲ್ಲ. ಕೊಡಗು, ಚಿಕ್ಕಮಗಳೂರಿಗೆ ಮಾತ್ರ ಹೋಗುವವರಿಗೆ ಬಿಸಿ ಗ್ರಿಪ್ ಬೇಕೇ ಇಲ್ಲ, ಇದೇ ಸಾಕು.

ಎದೆ ತಣ್ಣಗಾದರೆ ದೇಹ ಕೈಗೆ ಹೋಗುವ ರಕ್ತವನ್ನೇ ಕಡಿಮೆ ಮಾಡುತ್ತದೆ. ಜಾಕೆಟ್ಟಿನೊಳಗೆ ಒಂದು ದಿನಪತ್ರಿಕೆ ಮಡಚಿ ಇಟ್ಟುಕೊಂಡರೂ ವ್ಯತ್ಯಾಸ ಗೊತ್ತಾಗುತ್ತದೆ. ಸಕ್ಕರೆ ಕಾಯಿಲೆಯಿಂದ ಬೆರಳಿನ ಸ್ಪರ್ಶ ಕಡಿಮೆಯಾದವರು ಗ್ರಿಪ್ಪನ್ನು ಕೆಳಗಿನ ಹಂತದಲ್ಲೇ ಇಡಬೇಕು, ಚರ್ಮ ಸುಡುವುದು ಅವರಿಗೆ ತಿಳಿಯುವುದಿಲ್ಲ. ಹೊರಡುವ ಮೊದಲು ಕ್ಲಚ್ ಕೇಬಲ್ಲಿಗೆ ಎಣ್ಣೆ ಬಿಡಿಸಿ, ಬೇರೊಂದು ಕೇಬಲನ್ನು ಹಳೆಯದರ ಪಕ್ಕದಲ್ಲೇ ಟೇಪ್ ಹಾಕಿ ಕಟ್ಟಿಕೊಂಡು ಹೋಗಿ.

ಪೊಟ್ಟಣ ಹರಿಯದಿದ್ದರೆ ಆ ಗ್ರಿಪ್ಪನ್ನು ವಾಪಸ್ ತೆಗೆದುಕೊಳ್ಳುತ್ತಾರೆಯೇ ಎಂದು ಇವತ್ತೇ ಕೇಳಿ. ಭಾನುವಾರ ಟ್ಯೂಬ್ ಸುತ್ತಿ ಓಡಿಸಿದ ಮೇಲೆ ಅಳತೆ ಇಲ್ಲಿ ಹಾಕಿ, ಜೊತೆಗೆ ಹ್ಯಾಂಡಲನ್ನು ಪೂರ್ತಿ ಎಡಕ್ಕೆ ತಿರುಗಿಸಿ ತೆಗೆದ ಒಂದು ಫೋಟೊ. ವೈರು ಎಲ್ಲಿಂದ ತರಬೇಕೆಂದು ಗುರುತು ಹಾಕಿ ಕಳುಹಿಸುತ್ತೇನೆ.