1.42 ಲಕ್ಷ ಕಿ.ಮೀ. ಓಡಿದ ಹಳೇ ಸ್ಯಾಂಟ್ರೊ: ಟೈಮಿಂಗ್ ಬೆಲ್ಟ್ ಈಗಲೇ ಬದಲಿಸಬೇಕಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ. 2009ರ ಸ್ಯಾಂಟ್ರೊ ಝಿಂಗ್, ಸೆಕೆಂಡ್ ಹ್ಯಾಂಡ್ ತಗೊಂಡಿದ್ದೀರಿ. 1,42,000 ಕಿ.ಮೀ. ಓಡಿದೆ. ಎಂಜಿನ್ನಿನ ಒಳಭಾಗಗಳನ್ನು ಒಂದೇ ತಾಳಕ್ಕೆ ತಿರುಗಿಸುವ ಟೈಮಿಂಗ್ ಬೆಲ್ಟ್ ಯಾವಾಗ ಹಾಕಿದ್ದು ಅನ್ನೋದಕ್ಕೆ ಬಿಲ್ ಇಲ್ಲ. ಕಾರವಾರದ ನಿಮ್ಮ ಮೆಕ್ಯಾನಿಕ್ "ಸದ್ದೇನೂ ಇಲ್ಲ, ಸದ್ಯಕ್ಕೆ ಬಿಡಿ" ಅಂದಿದ್ದಾರೆ. ಮುಂದಿನ ವಾರ ಶಿರಸಿಗೆ ಮದುವೆಗೆ ಹೋಗಬೇಕು. ಲಕ್ಷ ರೂಪಾಯಿಯೂ ಬಾಳದ ಕಾರಿಗೆ ಈ ಖರ್ಚು ಬೇಕಾ, ಅಲ್ವಾ?

ಬೇಕು. ಶಿರಸಿಗೆ ಹೊರಡುವ ಮೊದಲೇ ಬೇಕು.

ನಾನು ಶಿರಸಿಯವನು. ನನ್ನ ಹತ್ತಿರ ಇದ್ದದ್ದೂ ಇದೇ ಕಾರು. ಕೊಡುವಾಗ ಹಿಂದಿನ ಮಾಲೀಕರು ಬೆಲ್ಟ್ ಹೊಸದು ಅಂದಿದ್ದರು, ನಾನು ನಂಬಿದೆ. ಆಮೇಲೆ ಒಂದು ವರ್ಕ್‌ಶಾಪಿನಲ್ಲಿ ಮೇಲಿನ ಕವರ್ ಬಿಚ್ಚಿ, ಟಾರ್ಚ್ ಹಾಕಿ ನೋಡಿ, "ಬೆಲ್ಟ್ ಗಟ್ಟಿ ಇದೆ" ಅಂದರು. ಅದನ್ನೂ ನಂಬಿದೆ. ಮೂರು ತಿಂಗಳಾದ ಮೇಲೆ, ಜುಲೈ ತಿಂಗಳಲ್ಲಿ, ಕುಮಟಾದಿಂದ ಮನೆಗೆ ಬರುತ್ತಿದ್ದೆ. ಕತಗಾಲ ದಾಟಿ ದೇವಿಮನೆ ಘಟ್ಟ ಹತ್ತುತ್ತಿದ್ದೆ, ಮಳೆ ಹೊಡೆಯುತ್ತಿತ್ತು. ತಿರುವಿನಲ್ಲಿ ಎಂಜಿನ್ ಒಮ್ಮೆಲೇ ನಿಂತುಹೋಯಿತು. ಜರ್ಕ್ ಇಲ್ಲ, ದೊಡ್ಡ ಸದ್ದಿಲ್ಲ. ದೀಪ ಆರಿದ ಹಾಗೆ.

ಹಿಂದಿನ ಸೀಟಿನಲ್ಲಿ ಅಮ್ಮ ಇದ್ದರು. ಫೋನಿಗೆ ನೆಟ್‌ವರ್ಕ್ ಇರಲಿಲ್ಲ. ಎಂಜಿನ್ ನಿಂತರೆ ಬ್ರೇಕ್ ಪೆಡಲನ್ನು ಹಗುರ ಮಾಡುವ ಬೂಸ್ಟರಿಗೆ ವ್ಯಾಕ್ಯೂಮ್ (ಎಂಜಿನ್ನಿನ ಗಾಳಿಯ ಎಳೆತ) ಸಿಗುವುದಿಲ್ಲ. ಎರಡು ಮೂರು ಸಲ ತುಳಿದರೆ ಉಳಿದದ್ದೂ ಖಾಲಿ. ಆಮೇಲೆ ಪೆಡಲ್ ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ. ನಾನು ಬ್ರೇಕ್ ಒತ್ತಿದ್ದನ್ನು ಬಿಡದೆ, ಹ್ಯಾಂಡ್‌ಬ್ರೇಕ್ ಎಳೆದು, ಅಮ್ಮನನ್ನು ಇಳಿಸಿ ಹಿಂದಿನ ಚಕ್ರಕ್ಕೆ ಕಲ್ಲು ಇಡಿಸಿದೆ. ಆ ಐದು ನಿಮಿಷ ಮರೆಯಲು ಆಗುವುದಿಲ್ಲ. ಹಾಗಾಗಿ ಯಾರಾದರೂ "ಕಾರಿನ ಬೆಲೆಗೆ ಬೆಲ್ಟಿನ ಖರ್ಚು ಜಾಸ್ತಿ" ಅಂದರೆ ನನಗೆ ಸುಮ್ನೆ ಇರಲು ಆಗುವುದಿಲ್ಲ. ಕಾರಿಗೆ ಎಷ್ಟು ಬೆಲೆ ಅನ್ನೋದು ಬೇರೆ ವಿಷಯ. ಬೆಲ್ಟ್ ಎಲ್ಲಿ ತುಂಡಾಗುತ್ತದೆ ಅನ್ನೋದನ್ನು ಮೊದಲು ಯೋಚಿಸಿ. ನಮ್ಮ ಜಿಲ್ಲೆಯಲ್ಲಿ ಸಮುದ್ರದ ಕಡೆಯಿಂದ ಎಲ್ಲಿಗೆ ಹೊರಟರೂ ಮಧ್ಯೆ ಒಂದು ಘಟ್ಟ ಇದ್ದೇ ಇದೆ.

ಈಗ "ಸದ್ದಿಲ್ಲ" ಅನ್ನುವ ಮಾತಿಗೆ ಬರೋಣ. ಹಳೇ ಕಾರುಗಳಲ್ಲಿ ಕಿಂಯ್ ಕಿಂಯ್ ಅಂತ ಕೂಗುವುದು ಹೊರಗಿರುವ ಫ್ಯಾನ್ ಬೆಲ್ಟ್. ಅದು ಪುಲ್ಲಿಯ ಮೇಲೆ ಜಾರುತ್ತದೆ, ಅದಕ್ಕೇ ಕೂಗುತ್ತದೆ. ಟೈಮಿಂಗ್ ಬೆಲ್ಟಿಗೆ ಹಲ್ಲುಗಳಿವೆ, ಅದು ಜಾರುವ ಹಾಗಿಲ್ಲ. ಕೆಳಗೆ ಪಿಸ್ಟನ್ ತಿರುಗಿಸುವ ದಂಡ, ಅಂದರೆ ಕ್ರ್ಯಾಂಕ್, ಎರಡು ಸುತ್ತು ತಿರುಗಿದರೆ ಮೇಲೆ ವಾಲ್ವ್ ತೆರೆಸುವ ಕ್ಯಾಮ್‌ಶಾಫ್ಟ್ ಸರಿಯಾಗಿ ಒಂದು ಸುತ್ತು ತಿರುಗಬೇಕು, ಆಗ ಮಾತ್ರ ಗಾಳಿ-ಪೆಟ್ರೋಲ್ ಒಳಗೆ ಬಿಟ್ಟು ಹೊಗೆ ಹೊರಗೆ ಬಿಡುವ ವಾಲ್ವ್‌ಗಳು ಹೊತ್ತಿಗೆ ಸರಿಯಾಗಿ ತೆರೆದು ಮುಚ್ಚುತ್ತವೆ. 3,000 ಆರ್‌ಪಿಎಂನಲ್ಲಿ ಒಂದೊಂದು ವಾಲ್ವ್ ಸೆಕೆಂಡಿಗೆ 25 ಸಲ ತೆರೆಯುತ್ತದೆ. ಪಿಸ್ಟನ್ ಮೇಲೆ ಬರುವಷ್ಟರಲ್ಲಿ ವಾಲ್ವ್ ಜಾಗ ಬಿಟ್ಟಿರಬೇಕು. ಬೆಲ್ಟ್ ಹೋದರೆ ಕ್ಯಾಮ್ ನಿಂತುಬಿಡುತ್ತದೆ, ಪಿಸ್ಟನ್ ನಿಲ್ಲುವುದಿಲ್ಲ, ತೆರೆದೇ ಉಳಿದ ವಾಲ್ವಿಗೆ ಹೋಗಿ ಗುದ್ದುತ್ತದೆ. ಸ್ಯಾಂಟ್ರೊ ಅಂಥ ಎಂಜಿನ್. ನನ್ನದರಲ್ಲಿ 12 ವಾಲ್ವ್‌ಗಳ ಪೈಕಿ 7 ಬಾಗಿದ್ದವು.

ಬೆಲ್ಟಿನ ಬಲ ಇರುವುದು ಹೊರಗಿನ ರಬ್ಬರಿನಲ್ಲಲ್ಲ, ಒಳಗಿನ ಗ್ಲಾಸ್ ಫೈಬರ್ ಎಳೆಗಳಲ್ಲಿ. ಅವು ಒಳಗೊಳಗೇ ಕಡಿದು ಹೋಗುತ್ತಾ ಇರುತ್ತವೆ. ಬಿರುಕು, ಹಲ್ಲಿನ ಸವಕಳಿ, ಎಣ್ಣೆಯ ಪಸೆ ಕಂಡರೆ ಬೆಲ್ಟ್ ಕೆಟ್ಟಿದೆ ಅಂತ ಖಂಡಿತ ಹೇಳಬಹುದು. ಏನೂ ಕಾಣದಿದ್ದರೆ ಚೆನ್ನಾಗಿದೆ ಅಂತ ಮಾತ್ರ ಹೇಳಲು ಬರುವುದಿಲ್ಲ. ಟಾರ್ಚ್ ಹಾಕಿ ನೋಡಿದವರ ಮಾತನ್ನು ನಂಬಬೇಡಿ ಅನ್ನುವುದು ಇದಕ್ಕೇ.

ಕಿ.ಮೀ. ಒಂದನ್ನೇ ಲೆಕ್ಕ ಹಾಕಬೇಡಿ. ಬೆಲ್ಟ್ ಇರುವ ಹೆಚ್ಚಿನ ಪೆಟ್ರೋಲ್ ಕಾರುಗಳಿಗೆ 60,000ದಿಂದ 1,00,000 ಕಿ.ಮೀ. ನಡುವೆ ಎಲ್ಲೋ ಒಂದು ಗಡುವು ಇರುತ್ತದೆ. ನಿಮ್ಮ ಕಾರಿನ ಮ್ಯಾನುವಲ್‌ನಲ್ಲಿ ಬರೆದಿದ್ದೇ ಕೊನೆಯ ಮಾತು. ಆದರೆ ರಬ್ಬರಿಗೆ ವಯಸ್ಸೂ ಆಗುತ್ತದೆ, ಕಾರು ಮನೆ ಮುಂದೆ ನಿಂತೇ ಇದ್ದರೂ ಆಗುತ್ತದೆ. ಐದು ವರ್ಷ ದಾಟಿತು ಅಂದರೆ ನಾನು ಕಾಯುವುದಿಲ್ಲ. ಇನ್ನು ದಾಖಲೆ ಇಲ್ಲದ ಬೆಲ್ಟನ್ನು ಬದಲಿಸಿಯೇ ಇಲ್ಲ ಅಂತ ತಿಳಿದು ನಡೆಯಬೇಕು. ಹಾಗೆ ನೋಡಿದರೆ ನಿಮ್ಮದು 2009ರ ಬೆಲ್ಟ್.

ನಿಮ್ಮ ಗೆಳೆಯರ ಡೀಸೆಲ್ ಸ್ವಿಫ್ಟಿಗೆ ಈ ಕಾಟವೇ ಇಲ್ಲ ಅಂತ ಬರೆದಿದ್ದೀರಿ. ನಿಜ, ಆ 1.3 ಲೀಟರ್ ಎಂಜಿನ್ನಿಗೆ ಬೆಲ್ಟ್ ಬದಲು ಚೈನ್ ಇದೆ. ಅದನ್ನು ನೋಡಿ ನಿಮ್ಮ ಕಾರನ್ನು ಅಳೆಯಬೇಡಿ.

ಕೆಲಸಕ್ಕೆ ಕೊಡುವಾಗ ಬೆಲ್ಟ್ ಒಂದನ್ನೇ ಹಾಕಿಸಬೇಡಿ. ಬೆಲ್ಟನ್ನು ಬಿಗಿ ಹಿಡಿಯುವ ಟೆನ್ಷನರ್ ಬೇರಿಂಗ್ ಕೂಡ ಹೊಸದೇ ಇರಲಿ. ಕಾರವಾರದಲ್ಲಿ ಇದನ್ನು ಇನ್ನೂ ಒತ್ತಿ ಹೇಳಬೇಕು. ಸಮುದ್ರದ ಉಪ್ಪುಗಾಳಿ, ನಾಲ್ಕು ತಿಂಗಳ ಮಳೆ, ರಸ್ತೆಯಲ್ಲಿ ನಿಂತ ಕೆಂಪು ನೀರು. ಟೈಮಿಂಗ್ ಕವರಿನ ಕೆಳಭಾಗ ಒಡೆದಿದ್ದರೆ, ಅಥವಾ ಹಿಂದೆ ಯಾರೋ ಬಿಚ್ಚಿ ಎರಡು ಬೋಲ್ಟ್ ಹಾಕದೆ ಬಿಟ್ಟಿದ್ದರೆ, ಆ ಕೆಸರು ಸೀದಾ ಒಳಗೆ ಹೋಗುತ್ತದೆ. ಬೇರಿಂಗ್ ಹಿಡಿದುಕೊಂಡರೆ ಹೊಸ ಬೆಲ್ಟನ್ನೂ ತಿಂದುಹಾಕುತ್ತದೆ. ಹಾಗಾಗಿ ಕವರ್ ಒಡೆದಿದೆಯಾ ನೋಡಿಸಿ.

ಇನ್ನೊಂದು ಆಯಿಲ್ ಸೀಲ್, ಅಂದರೆ ಎಂಜಿನ್ ಎಣ್ಣೆ ಹೊರಗೆ ಸೋರದ ಹಾಗೆ ತಡೆಯುವ ಬಳೆ. ಇಷ್ಟು ಓಡಿದ ಎಂಜಿನ್ನಿನಲ್ಲಿ ಕ್ಯಾಮ್ ಸೀಲ್, ಮುಂದಿನ ಕ್ರ್ಯಾಂಕ್ ಸೀಲ್ ಜಿನುಗುವುದು ಮಾಮೂಲು. ಎಣ್ಣೆ ತಾಗಿದ ರಬ್ಬರ್ ಮೆತ್ತಗಾಗಿ ಹಲ್ಲು ಕಿತ್ತು ಬರುತ್ತದೆ. ಸೀಲಿಗೆ ಕೊಡುವ ದುಡ್ಡು ಬಹಳ ಕಡಿಮೆ. ಅಲ್ಲಿಗೆ ಕೈ ಹೋಗುವ ಹಾಗೆ ಬಿಚ್ಚುವುದೇ ದೊಡ್ಡ ಕೆಲಸ, ಆ ಕೂಲಿ ಹೇಗೂ ಕೊಡುತ್ತಿದ್ದೀರಿ. ವಾಟರ್ ಪಂಪ್ ವಿಷಯ ಕೇಳಿದ್ದೀರಿ. ಕೆಲವು ಕಾರುಗಳಲ್ಲಿ ಅದನ್ನೂ ಟೈಮಿಂಗ್ ಬೆಲ್ಟೇ ತಿರುಗಿಸುತ್ತದೆ, ಅಲ್ಲಿ ಪಂಪ್ ಬದಲಿಸಲೇಬೇಕು. ನಿಮ್ಮ ಕಾರಿನಲ್ಲಿ ಅದು ಹೊರಗಿನ ಬೆಲ್ಟಿನಲ್ಲಿ ತಿರುಗುತ್ತದೆ. ಸೋರಿದ ಕಲೆ ಇದ್ದರೆ, ಕೈಯಲ್ಲಿ ಅಲ್ಲಾಡಿಸಿದಾಗ ಆಟ ಇದ್ದರೆ ಹಾಕಿಸಿ, ಇಲ್ಲದಿದ್ದರೆ ಇರಲಿ. ಹೊರಗಿನ ಬೆಲ್ಟ್‌ಗಳನ್ನು ಹೇಗೂ ಬಿಚ್ಚುತ್ತಾರೆ, ಹಳೆಯವಾಗಿದ್ದರೆ ಅವೂ ಹೊಸವಾಗಲಿ.

ನೀವೇ ಮಾಡಬಹುದಾ ಅಂತಲೂ ಕೇಳಿದ್ದೀರಿ. ಸ್ಪ್ಯಾನರ್ ಹಿಡಿದು ಅಭ್ಯಾಸ ಇದ್ದರೆ ಆಗದ ಕೆಲಸ ಅಲ್ಲ, ಆದರೆ ಮೊದಲನೇ ಸಲ ಪಕ್ಕದಲ್ಲಿ ತಿಳಿದವರು ಒಬ್ಬರು ಇರಲಿ. ಡ್ರೈವರ್ ಕಡೆಯ ಮುಂದಿನ ಚಕ್ರ ಬಿಚ್ಚಿ ಅಲ್ಲಿಂದ ಕೈ ಹಾಕಬೇಕು. ಕರಾವಳಿಯ ಕಾರಲ್ಲಿ ಕ್ರ್ಯಾಂಕ್ ಪುಲ್ಲಿಯ ಬೋಲ್ಟ್ ತುಕ್ಕು ಹಿಡಿದು ಕೂತಿರುತ್ತದೆ, ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಡಿ. ಹಳೇ ಬೆಲ್ಟ್ ತೆಗೆಯುವ ಮೊದಲು ಕ್ರ್ಯಾಂಕ್ ಮತ್ತು ಕ್ಯಾಮ್ ಎರಡರ ಗುರುತುಗಳೂ ತಂತಮ್ಮ ಜಾಗಕ್ಕೆ ಕೂತಿರಬೇಕು. ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಬೆಲ್ಟ್ ಇಲ್ಲದಾಗ ಯಾವುದನ್ನೂ ತಿರುಗಿಸಬೇಡಿ.

ಹೊಸದು ಹಾಕಿ ಟೆನ್ಷನರ್ ಬಿಟ್ಟ ಮೇಲೆ ಯಾರೂ ತಪ್ಪಿಸಬಾರದ ಒಂದು ಹೆಜ್ಜೆ ಇದೆ. ಕ್ರ್ಯಾಂಕ್ ಬೋಲ್ಟಿಗೆ ಸ್ಪ್ಯಾನರ್ ಹಾಕಿ, ಎಂಜಿನ್ ತಿರುಗುವ ದಿಕ್ಕಿಗೇ, ಕೈಯಿಂದ ನಿಧಾನಕ್ಕೆ ಪೂರ್ತಿ ಎರಡು ಸುತ್ತು. ಎಲ್ಲಾದರೂ ಗಟ್ಟಿಯಾಗಿ ತಡೆದರೆ ಬಲ ಹಾಕಬೇಡಿ, ಅದು ವಾಲ್ವ್ ತಾಗಿದ್ದು. ಎರಡು ಸುತ್ತು ಆದ ಮೇಲೆ ಗುರುತುಗಳು ಮತ್ತೆ ಕೂಡಿದರೆ ಸರಿ. ಒಂದು ಹಲ್ಲು ತಪ್ಪಿದ್ದರೂ ಐಡ್ಲಿಂಗ್ ನಡುಗುತ್ತದೆ, ಘಟ್ಟದಲ್ಲಿ ಕಾರು ಎಳೆಯುವುದಿಲ್ಲ. ಮೆಕ್ಯಾನಿಕ್ ಮಾಡುತ್ತಿದ್ದರೂ ಈ ಎರಡು ಸುತ್ತು ನೀವು ನಿಂತು ನೋಡಿ. ಒಳ್ಳೆಯ ಮೆಕ್ಯಾನಿಕ್ ಬೇಜಾರು ಮಾಡಿಕೊಳ್ಳುವುದಿಲ್ಲ, ತಾವೇ ಕರೆದು ತೋರಿಸುತ್ತಾರೆ.

ದುಡ್ಡಿನ ಲೆಕ್ಕ ನನ್ನದೇ ಹೇಳುತ್ತೇನೆ. ಹೆಡ್ (ವಾಲ್ವ್ ಇರುವ ಎಂಜಿನ್ನಿನ ಮೇಲ್ಭಾಗ) ಬಿಚ್ಚಿ, ಹುಬ್ಬಳ್ಳಿಗೆ ಕಳಿಸಿ, ವಾಲ್ವ್, ಗ್ಯಾಸ್ಕೆಟ್ ಎಲ್ಲ ಸೇರಿ 27,000 ರೂಪಾಯಿ ಆಯಿತು. ಹದಿನೆಂಟು ದಿನ ಕಾರಿರಲಿಲ್ಲ. ಘಟ್ಟದಿಂದ ಎಳೆದು ತಂದ ಖರ್ಚು ಬೇರೆ. ಮೊದಲೇ ಬೆಲ್ಟ್, ಬೇರಿಂಗ್, ಸೀಲ್ ಹಾಕಿಸಿದ್ದರೆ ಆಗ 5,000ದ ಒಳಗೆ ಮುಗಿಯುತ್ತಿತ್ತು. ಈಗಿನ ದರ ಎರಡು ಕಡೆ ವಿಚಾರಿಸಿ. ಬೆಲ್ಟ್ ಮಾತ್ರ ಒರಿಜಿನಲ್ ಇರಲಿ, ಬಿಲ್ ತಗೊಳ್ಳಿ. ಹಳೇ ಬೆಲ್ಟನ್ನು ಕೇಳಿ ಇಸಿದುಕೊಳ್ಳಿ. ತಾರೀಖು ಮತ್ತು ಕಿ.ಮೀ. ಬರೆದ ಸ್ಟಿಕ್ಕರ್ ಬಾನೆಟ್ ಒಳಗೆ ಅಂಟಿಸಿ, ನಾಳೆ ನೀವು ಮಾರಿದರೆ ಕೊಂಡವರು ನಿಮ್ಮ ಹಾಗೆ ತಡಕಾಡಬೇಕಿಲ್ಲ.

ಅಷ್ಟರೊಳಗೆ ಊರಲ್ಲೇ ಎಂಜಿನ್ ಒಮ್ಮೆಲೇ ನಿಂತು, ಕೀ ತಿರುಗಿಸಿದಾಗ ಸ್ಟಾರ್ಟರ್ ಯಾವ ತಡೆಯೂ ಇಲ್ಲದೆ ಸರ್ರನೆ ತಿರುಗಿದರೆ, ಮತ್ತೆ ಕೀ ಮುಟ್ಟಬೇಡಿ. ತಳ್ಳಿ ಸ್ಟಾರ್ಟ್ ಮಾಡಲಂತೂ ನೋಡಲೇಬೇಡಿ. ಪ್ರತಿ ಪ್ರಯತ್ನಕ್ಕೂ ಇನ್ನೊಂದು ವಾಲ್ವ್ ಬಾಗಬಹುದು. ನ್ಯೂಟ್ರಲ್‌ಗೆ ಹಾಕಿ ಎಳೆಸಿಕೊಂಡು ಹೋಗಿ.

ಮದುವೆಯ ದಿನದೊಳಗೆ ಕೆಲಸ ಮುಗಿಯದಿದ್ದರೆ ಕಾರವಾರದಿಂದ ಬಸ್ಸಿಗೆ ಬನ್ನಿ. ಕವರ್ ಬಿಚ್ಚಿದಾಗ ಬೆಲ್ಟ್ ಮತ್ತು ಸೀಲಿನ ಸುತ್ತಲಿನ ಫೋಟೊ ತೆಗೆದು ಇಲ್ಲೇ ಹಾಕಿ, ನೋಡಿ ಹೇಳುತ್ತೇನೆ.