ಹಾಜರಿ ಕಡಿಮೆ ಬಿದ್ದಿದೆ, ಅಪ್ಪನಿಗೆ ಹೇಗೆ ಹೇಳಲಿ?

ಪ್ರಶ್ನೆ: ನಾನು ಬ್ಯಾಡಗಿ ಕಡೆಯ ರೈತರ ಮಗ. ಧಾರವಾಡದಲ್ಲಿ ಬಿಎಸ್ಸಿ ಎರಡನೇ ವರ್ಷ, ಸಪ್ತಾಪುರದಲ್ಲಿ ರೂಮು. ರಾತ್ರಿ ಎರಡರವರೆಗೆ ಮೊಬೈಲ್ ನೋಡಿ ಬೆಳಗಿನ ಕ್ಲಾಸು ತಪ್ಪಿಸುತ್ತೇನೆ. ಹಾಜರಿ ಕೊರತೆಯ ಪಟ್ಟಿಯಲ್ಲಿ ಹೆಸರು ಬಂದಿದೆ. ದುಡ್ಡು ಕೊಟ್ಟು ಮೆಡಿಕಲ್ ಸರ್ಟಿಫಿಕೇಟ್ ಮಾಡಿಸು ಅನ್ನುತ್ತಾರೆ ಗೆಳೆಯರು. ಮೆಣಸಿನಕಾಯಿ ಮಾರಿ ಫೀ ಕಟ್ಟಿದ ಅಪ್ಪನಿಗೆ ದಿನಾ ‘ಕ್ಲಾಸಿಗೆ ಹೊಂಟೀನಿ’ ಅಂತ ಸುಳ್ಳು ಹೇಳುತ್ತಿದ್ದೇನೆ. ಏನು ಮಾಡಲಿ?

ಉತ್ತರ: ತಮ್ಮಾ, ಸರ್ಟಿಫಿಕೇಟಿನ ಮಾತು ಬಿಡು. ಇಲ್ಲದ ಜ್ವರಕ್ಕೆ ಕಾಗದ ತಂದರೆ ಅದು ಮೋಸ. ಯಾರಿಗೂ ಗೊತ್ತಾಗದೆ ಈ ಸಲ ಪಾರಾದರೂ ನಿನ್ನ ರಾತ್ರಿಗಳು ಹಾಗೇ ಇರುತ್ತವೆ, ಮುಂದಿನ ಸೆಮಿಸ್ಟರಿಗೆ ಮತ್ತೆ ಅದೇ ಪಟ್ಟಿ.

ಮೊದಲು ಒಂದು ಹಾಳೆ ತೊಗೊಂಡು ಲೆಕ್ಕ ಹಾಕು. ಪರೀಕ್ಷೆಗೆ ಕೂರಲು ಪ್ರತಿ ವಿಷಯದಲ್ಲೂ ಶೇ 75 ಹಾಜರಿ ಬೇಕು ಅಂದುಕೊಳ್ಳೋಣ. ಈವರೆಗೆ 60 ಕ್ಲಾಸು ನಡೆದು ನೀನು 36ಕ್ಕೆ ಹೋಗಿದ್ದೀ, ಇನ್ನು 40 ಉಳಿದಿವೆ ಅಂತಿಟ್ಟುಕೋ. ಒಟ್ಟು ನೂರರಲ್ಲಿ 75 ಆಗಬೇಕಾದರೆ ಉಳಿದ ನಲವತ್ತರಲ್ಲಿ 39ಕ್ಕೆ ಹೋಗಲೇಬೇಕು. ನಾಳೆ, ನಾಡಿದ್ದು ಎರಡು ದಿನ ಮಲಗಿದರೆ ಆ ದಾರಿಯೂ ಮುಚ್ಚಿತು. ನಿನ್ನ ಅಂಕಿ ಬೇರೆ ಇರಬಹುದು. ಆಫೀಸಿನಲ್ಲಿ ಕೇಳಿ ತಿಳಿದುಕೋ. ಆಮೇಲೆ ಆ ಹಾಳೆ ಹಿಡಿದು ವಿಭಾಗದ ಮುಖ್ಯಸ್ಥರ ಹತ್ತಿರ ನೀನೇ ಹೋಗು. ಕಾರಣ ಕಟ್ಟಬೇಡ, ಆದದ್ದು ಹೇಳು. ಸಹಿಯಾಗದ ಲ್ಯಾಬ್ ಜರ್ನಲ್ ಎಷ್ಟಿವೆ ಅನ್ನುವುದನ್ನೂ ಮುಚ್ಚಿಡಬೇಡ.

ಪಿಯುಸಿ ತನಕ ಅವ್ವ ಎಬ್ಬಿಸಿರಬೇಕು. ಈಗ ಆ ಕೆಲಸ ನಿನ್ನದು. ರಾತ್ರಿ ಹತ್ತೂವರೆಗೆ ಮೊಬೈಲನ್ನು ಪಕ್ಕದ ರೂಮಿನವರ ಕೈಗೆ ಕೊಟ್ಟುಬಿಡು. ಎಬ್ಬಿಸಲು ಒಂದು ಅಲಾರಂ ಗಡಿಯಾರ ಸಾಕು. ಮೊದಲ ವಾರ ನಿದ್ದೆ ಬಾರದೆ ಹೊರಳಾಡುತ್ತೀ, ಪರವಾಗಿಲ್ಲ. ಹಾಗೆ ಮಾಡಿಯೂ ತಿಂಗಳುಗಟ್ಟಲೆ ನಿದ್ದೆ ಬಾರದಿದ್ದರೆ, ಯಾವುದರಲ್ಲೂ ಮನಸ್ಸು ನಿಲ್ಲದಿದ್ದರೆ ಇಲ್ಲೇ ಧಾರವಾಡದಲ್ಲಿ ಡಿಮ್ಹಾನ್ಸ್ ಅನ್ನುವ ಮಾನಸಿಕ ಆರೋಗ್ಯದ ಸರ್ಕಾರಿ ಆಸ್ಪತ್ರೆ ಇದೆ. ಅಲ್ಲಿಗೆ ಹೋಗಲು ನಾಚಬೇಕಿಲ್ಲ.

ಅಪ್ಪನ ವಿಷಯ ನನಗೆ ಎಲ್ಲಕ್ಕಿಂತ ದೊಡ್ಡದು. ಹೊಲದಲ್ಲಿ ಕಾಯಿ ಬಿಡಿಸಿ, ಬಿಸಿಲಿಗೆ ಹರವಿ, ಚೀಲ ಹೊತ್ತು ಮಾರುಕಟ್ಟೆಯಲ್ಲಿ ದರಕ್ಕಾಗಿ ಕಾದ ಮನುಷ್ಯ ಅವರು. ಕಾಲೇಜಿನಿಂದ ಪತ್ರ ಹೋಗಿ ಗೊತ್ತಾಗುವ ಮುಂಚೆ ನಿನ್ನ ಬಾಯಿಂದಲೇ ಗೊತ್ತಾಗಲಿ. ‘ಅಪ್ಪಾ, ನಾ ಕ್ಲಾಸು ತಪ್ಪಿಸೀನಿ, ನಿಮಗ ಸುಳ್ಳು ಹೇಳೀನಿ’ ಅಂದುಬಿಡು. ಬೈಯ್ತಾರೆ, ಬೈಸಿಕೋ. ಈ ಮಾತು ಫೋನಿನಲ್ಲಿ ಬೇಡ; ಈ ಭಾನುವಾರವೇ ಊರಿಗೆ ಹೋಗಿ ಎದುರು ಕೂತು ಹೇಳು. ಸೋಮವಾರ ಬೆಳಗಿನ ಮೊದಲ ಕ್ಲಾಸಿಗೆ ಮಾತ್ರ ತಿರುಗಿ ಬಂದಿರಬೇಕು.