‘ಮೋರ್ ಬೆಟರ್’ ಅಂದರೆ ಯಾಕೆ ನಗುತ್ತಾರೆ?

ಪ್ರಶ್ನೆ: ಇಂಟರ್‌ವ್ಯೂ ಒಂದರಲ್ಲಿ ‘ದಿಸ್ ಜಾಬ್ ಈಸ್ ಮೋರ್ ಬೆಟರ್’ ಅಂದೆ. ಎದುರಿಗಿದ್ದವರು ಮುಖ ಮುಖ ನೋಡಿಕೊಂಡು ನಕ್ಕರು. ತಪ್ಪು ಅಂತ ಗೊತ್ತಾಯಿತು, ಯಾಕೆ ತಪ್ಪು ಅಂತ ಇವತ್ತಿಗೂ ಗೊತ್ತಿಲ್ಲ.

ಉತ್ತರ: ನಗಬಾರದಿತ್ತು. ಬೆಟರ್ ಅಂದಾಗಲೇ ‘ಅದಕ್ಕಿಂತ ಚೆನ್ನಾಗಿದೆ’ ಅಂತ ಆಯಿತು, ಅದರ ಮೇಲೆ ಮೋರ್ ಹಾಕಿದರೆ ಸಕ್ಕರೆ ಹಾಕಿದ ಕಾಫಿಗೆ ಮತ್ತೆ ಸಕ್ಕರೆ ಸುರಿದ ಹಾಗೆ. ಆದರೆ ಇದು ನಮ್ಮ ಬಾಯಿಗೆ ಸುಮ್ನೆ ಬರುವುದಿಲ್ಲ. ‘ಧರ್ಮರಾಯನಿಗಿಂತ ಭೀಮ ಎತ್ತರ’ ಅನ್ನುವಾಗ ಹೋಲಿಕೆಯ ಕೆಲಸವನ್ನೆಲ್ಲ ‘ಗಿಂತ’ ಮಾಡುತ್ತದೆ, ಅದೂ ಧರ್ಮರಾಯನ ಹೆಸರಿಗೆ ಅಂಟಿಕೊಂಡು. ‘ಎತ್ತರ’ ಇದ್ದ ಹಾಗೇ ಇರುತ್ತದೆ. ಇಂಗ್ಲಿಷಿನಲ್ಲಿ ದ್ಯಾನ್ ಒಂದೇ ಸಾಲದು, ಟಾಲ್ ಕೂಡ ಟಾಲರ್ ಆಗಬೇಕು. ಪದವೇ ಬದಲಾಗುವುದು ನಮಗೆ ಅಭ್ಯಾಸವಿಲ್ಲ ನೋಡಿ, ಹಾಗಾಗಿ ‘ಇನ್ನೂ’, ‘ಜಾಸ್ತಿ’ ಅನ್ನುವ ಜಾಗಕ್ಕೆ ಮೋರ್ ತಂದು ಕೂರಿಸುತ್ತೇವೆ. ಶೇಕ್ಸ್‌ಪಿಯರನ ‘ಜೂಲಿಯಸ್ ಸೀಸರ್’ ನಾಟಕದಲ್ಲಿ ಆ್ಯಂಟನಿಯೇ ‘ಮೋಸ್ಟ್ ಅನ್‌ಕೈಂಡೆಸ್ಟ್’ ಅನ್ನುತ್ತಾನೆ, ಮೋಸ್ಟೂ ಇದೆ, ಎಸ್ಟೂ ಇದೆ! ಆ ಕಾಲಕ್ಕೆ ಅದು ತಪ್ಪಾಗಿರಲಿಲ್ಲ, ಈಗ ತಪ್ಪು.

ಟಾಲ್, ಬಿಗ್, ಕೋಲ್ಡ್ ಥರದ ಗಿಡ್ಡ ಪದಗಳಿಗೆ ಕೊನೆಯಲ್ಲಿ ಅರ್, ಎಸ್ಟ್. ಬ್ಯೂಟಿಫುಲ್, ಎಕ್ಸ್‌ಪೆನ್ಸಿವ್ ಥರದ ಉದ್ದನೆಯವಕ್ಕೆ ಮುಂದೆ ಮೋರ್, ಮೋಸ್ಟ್. ಈಸಿ, ಹ್ಯಾಪಿ ಇವು ಈಸಿಯರ್, ಹ್ಯಾಪಿಯರ್ ಆಗುತ್ತವೆ. ಕ್ಲೆವರ್‌ಗೆ ಎರಡೂ ನಡೆಯುತ್ತದೆ, ತಲೆ ಕೆಡಿಸಿಕೊಳ್ಳಬೇಡಿ. ಒತ್ತಿ ಹೇಳಬೇಕು ಅನ್ನಿಸಿದರೆ ‘ಮಚ್ ಬೆಟರ್’ ಅನ್ನಿ, ಅವತ್ತು ನಿಮಗೆ ಬೇಕಾಗಿದ್ದದ್ದು ಆ ಮಚ್.

ಪ್ರಶ್ನೆ: ನಮ್ಮ ಮೇಷ್ಟ್ರ ಬೀಳ್ಕೊಡುಗೆ ಕಾರ್ಡಿನಲ್ಲಿ ‘ಒನ್ ಆಫ್ ದ ಬೆಸ್ಟ್ ಟೀಚರ್’ ಅಂತ ಬರೆದೆ. ಮಗಳು ತಪ್ಪು ಅಂತಾಳೆ.

ಉತ್ತರ: ಮಗಳು ಹೇಳಿದ್ದೇ ಸರಿ, ಟೀಚರ್ಸ್ ಆಗಬೇಕು. ಇಲ್ಲಿ ಕನ್ನಡವೇ ನಿಮ್ಮನ್ನು ಕಾಪಾಡುತ್ತಿತ್ತು. ‘ಎತ್ತರದ ಬೆಟ್ಟಗಳಲ್ಲಿ ಒಂದು’ ಅನ್ನುತ್ತೇವೆ ಅಲ್ವಾ, ಆ ‘ಗಳು’ ಇಂಗ್ಲಿಷಿಗೂ ಬೇಕು. ಮುಳ್ಳಯ್ಯನಗಿರಿ ಕರ್ನಾಟಕದಲ್ಲೇ ಎತ್ತರ, ಅದು ‘ದ ಹೈಯೆಸ್ಟ್ ಪೀಕ್’. ಕುದುರೆಮುಖ ‘ಒನ್ ಆಫ್ ದ ಹೈಯೆಸ್ಟ್ ಪೀಕ್ಸ್’.

ಪ್ರಶ್ನೆ: ‘ಸೀನಿಯರ್ ದ್ಯಾನ್ ಮಿ’ ಅನ್ನಬೇಕೋ ‘ಸೀನಿಯರ್ ಟು ಮಿ’ ಅನ್ನಬೇಕೋ? ಎಲ್ಡರ್‌ಗೂ ಅದೇ ರೂಲ್ಸಾ?

ಉತ್ತರ: ಸೀನಿಯರ್‌ಗೆ ಟು. ಸೀನಿಯರ್, ಜೂನಿಯರ್, ಸುಪೀರಿಯರ್, ಇನ್‌ಫೀರಿಯರ್ ಎಲ್ಲ ಲ್ಯಾಟಿನ್ನಿಂದ ಬರುವಾಗಲೇ ಹೋಲಿಕೆಯನ್ನು ಹೊಟ್ಟೆಯಲ್ಲಿಟ್ಟುಕೊಂಡು ಬಂದವು. ಸೀನಿಯರ್ ಅಂದರೆ ಅಲ್ಲಿ ‘ಹೆಚ್ಚು ವಯಸ್ಸಾದ’ ಅಂತಲೇ ಅರ್ಥ. ಎಲ್ಡರ್ ಕಥೆ ಬೇರೆ. ನಮಗೆ ‘ಅಕ್ಕ’ ಅಂತ ಒಂದೇ ಪದ ಸಾಕು, ಅವರಿಗೆ ಅದಿಲ್ಲ, ಹಾಗಾಗಿ ‘ಎಲ್ಡರ್ ಸಿಸ್ಟರ್’ ಅನ್ನುತ್ತಾರೆ. ಆದರೆ ‘ನನಗಿಂತ ದೊಡ್ಡವಳು’ ಅನ್ನುವುದಕ್ಕೆ ‘ಓಲ್ಡರ್ ದ್ಯಾನ್ ಮಿ’. ‘ಎಲ್ಡರ್ ಟು ಮಿ’ ಅನ್ನುವುದು ನಮ್ಮ ದೇಶದಲ್ಲಿ ಚೆನ್ನಾಗಿ ಓಡುತ್ತದೆ, ನಾನೂ ಮನೆಯಲ್ಲಿ ಹಾಗೇ ಅನ್ನುತ್ತೇನೆ. ಪರೀಕ್ಷೆಯಲ್ಲಿ ಮಾತ್ರ ಬರೆಯಬೇಡಿ.